ಕುಡ್ಲದ ಕಾಗದಗಳು, ಭಾಗ 4: ಹಂಚಿನ ಅಡಿಯಲ್ಲಿ ಬರೆದದ್ದು

ಮೊನ್ನೆ ಕ್ಲಾಸ್ ಗ್ರೂಪಿನಲ್ಲಿ ಆದ ಜಗಳ ನೆನಪುಂಟಲ್ಲ? "ಒರಿಜಿನಲ್ ಮಂಗಳೂರಿನವರು ಯಾರು" ಅಂತ ಶುರುವಾಗಿ, ಇಬ್ಬರು ಗ್ರೂಪ್ ಬಿಟ್ಟು ಹೋದ ಮೇಲೆ ನಿಂತಿತು. ಆವತ್ತು ನಾನು ಏನೂ ಬರೆಯಲಿಲ್ಲ. ಈಗ ಬರೀತೇನೆ, ಸ್ವಲ್ಪ ಉದ್ದ ಉಂಟು, ಓದಿ ಮಾರಾಯ್ರೆ.

ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ಒಂದೇ ಊರಿಗೆ ಇಷ್ಟು ಹೆಸರು. ಈ ಊರಿನ ಹಳೆಯ ಕಾಗದಗಳೂ ಹಾಗೇ, ಒಂದೇ ಕಡೆ ಸಿಗುವುದಿಲ್ಲ.

ಮೊದಲು ಎಲ್ಲರಿಗೂ ಗೊತ್ತಿರುವುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ರ ಜುಲೈ 1ಕ್ಕೆ. ಸಂಪಾದಕ ಹರ್ಮನ್ ಮೋಗ್ಲಿಂಗ್, ಜರ್ಮನಿಯವರು, ಬಾಸೆಲ್ ಮಿಷನ್‌ನ ಪಾದ್ರಿ. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಹೆಸರಿನಲ್ಲಿ ಮಂಗಳೂರು ಉಂಟು ಅಂತ ಊರಿನವರೆಲ್ಲ ಅದರಲ್ಲಿ ಇದ್ದರು ಅಂತ ಅಂದುಕೊಳ್ಳಬೇಡಿ. ಅಚ್ಚುಕೂಟ ಯಾರದ್ದೋ, ಯಾವ ಸುದ್ದಿ ಬರಬೇಕು ಅಂತ ಹೇಳುವವರೂ ಅವರೇ.

ಹಾಗಾದರೆ ಉಳಿದವರು ಎಲ್ಲಿ? ಬೇರೆ ಕಾಗದ ಹುಡುಕಬೇಕು. 1912ರಲ್ಲಿ ಲೂಯಿಸ್ ಮಸ್ಕರೇನ್ಹಸ್ 'ಕೊಂಕ್ಣಿ ದಿರ್ವೆಂ' ಶುರು ಮಾಡಿದರು. 1938ರಿಂದ 'ರಾಕ್ಣೊ' ಇದೆ. ಎರಡೂ ಕೊಂಕಣಿ, ಆದರೆ ಲಿಪಿ ಕನ್ನಡ. ಅಕ್ಷರ ಓದಲಿಕ್ಕೆ ಬರ್ತದೆ, ಅರ್ಥ ಮಾತ್ರ ಪಕ್ಕದ ಬೆಂಚಿನ ಕೊಂಕಣಿ ಫ್ರೆಂಡ್ ಹೇಳಬೇಕು! 1847ರಲ್ಲೇ ಅಚ್ಚಾದ ತುಳು ಹೊಸ ಒಡಂಬಡಿಕೆಯೂ ಕನ್ನಡ ಲಿಪಿಯದ್ದೇ. ಒಂದು ಲಿಪಿಯೊಳಗೆ ಎಷ್ಟು ಭಾಷೆ ನೋಡಿ.

ಇನ್ನು ಸರ್ಕಾರಿ ದಾಖಲೆ ಬೇಕಾದರೆ ಬೆಂಗಳೂರಿಗೆ ಹೋದರೆ ಸಾಕಾಗುವುದಿಲ್ಲ. 1956ರವರೆಗೆ ನಾವು ಮದ್ರಾಸಿನ ಕೆಳಗೆ ಇದ್ದವರು. ಹಾಗಾಗಿ ದೊಡ್ಡ ರಾಶಿ ಇರುವುದು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿ. ಮಿಷನ್‌ನ ಪತ್ರ, ಫೋಟೋ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ (ಫೋಟೋಗಳು ಆನ್‌ಲೈನ್ ಸಿಗ್ತವೆ, ದುಡ್ಡು ಬೇಡ). ನಮ್ಮ ಅಜ್ಜ ಅಜ್ಜಿಯಂದಿರ ಊರಿನ ಕಥೆ ಮೂರು ದಿಕ್ಕಿಗೆ ಹರಡಿಕೊಂಡು ಕೂತಿದೆ.

ನಾನು ಬಿಕಾಂ, ಹಿಸ್ಟರಿ ಅಲ್ಲ. ಹಾಗಾಗಿ ನನ್ನ ಕಣ್ಣು ಮೊದಲು ಬ್ಯಾಂಕಿಗೆ ಹೋಗ್ತದೆ. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿತು. ಬಂಡವಾಳ 5,000 ರೂಪಾಯಿ. ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್', ಅಂದರೆ ಇವತ್ತಿನ ಕೆನರಾ ಬ್ಯಾಂಕ್. 1931ರಲ್ಲಿ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕ್. ಸ್ಥಾಪಕರ ಹೆಸರು ಓದಿದರೆ ಯಾವ ಸಮುದಾಯದ ಕೈಗೆ ಯಾವಾಗ ನಾಲ್ಕು ಕಾಸು ಬಂತು ಅಂತ ಅಂದಾಜು ಸಿಗ್ತದೆ. ವಿಜಯಾ 2019ರಲ್ಲಿ, ಕಾರ್ಪೊರೇಷನ್ 2020ರಲ್ಲಿ ವಿಲೀನ ಆಗಿ ಬೋರ್ಡುಗಳೂ ಹೋದವು.

ಆದರೆ ಪತ್ರಿಕೆಯೂ ಇಲ್ಲ, ಬ್ಯಾಂಕೂ ಇಲ್ಲ ಅನ್ನುವವರು? ನನ್ನ ತಲೆ ಕೆಡಿಸಿದ್ದು ಈ ಪ್ರಶ್ನೆ.

ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಆಮೇಲೆ ನದಿ ದಡದ ಉದ್ದಕ್ಕೂ ಬೇರೆಯವರ ಕಾರ್ಖಾನೆಗಳೂ ಬಂದವು. ನನ್ನ ಅಜ್ಜಿ ಅಂಥದ್ದೊಂದರಲ್ಲಿ ವರ್ಷಗಟ್ಟಲೆ ಹಸಿ ಹಂಚು ಹೊತ್ತವರು. ಆನ್‌ಲೈನ್ ಫೋಟೋಗಳನ್ನು ಅವರಿಗೆ ತೋರಿಸಿದೆ. ನಾನು ಕಟ್ಟಡ, ಹೊಗೆ ಕೊಳವೆ ನೋಡುತ್ತಿದ್ದೆ. ಅಜ್ಜಿ ಹಿಂದೆ ನಿಂತ ಕೆಲಸದವರನ್ನು ನೋಡಿ ಕೇಳಿದರು, "ಇವರ ಹೆಸರು ಎಂತ ಬರೆದಿದ್ದಾರೆ?" ನಾನು ಕೆಳಗಿನ ಸಾಲು ಓದಿದೆ. ಊರಿನ ಹೆಸರು ಇತ್ತು, ಕಾರ್ಖಾನೆಯದ್ದೂ ಇತ್ತು. ಅವರದ್ದು ಇರಲಿಲ್ಲ. ಅಜ್ಜಿ ಫೋನ್ ವಾಪಸ್ ಕೊಟ್ಟು ಒಳಗೆ ಹೋದರು.

ಅವತ್ತಿನಿಂದ ನಾನು ಹಂಚು ತಿರುಗಿಸಿ ನೋಡ್ತಾ ಇದ್ದೇನೆ. ಮೊದಲ ಫೋಟೋ ನಮ್ಮ ದೊಡ್ಡಮ್ಮನ ಹಟ್ಟಿಯ ಮಾಡಿನಿಂದ ಇಳಿಸಿದ್ದು. "ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865" ಅಂತ ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಇಲ್ಲಿ ಮೋಸ ಹೋಗಬೇಡಿ, 1865 ಆ ಹಂಚಿನ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ನಾನೂ ಮೊದಲು ಬೇಸ್ತು ಬಿದ್ದೆ. ಎರಡನೇ ಫೋಟೋದಲ್ಲಿ "ಕಾಮನ್‌ವೆಲ್ತ್ ಟ್ರಸ್ಟ್" ಅಂತ ಉಂಟು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರನ್ನು ಶತ್ರುಗಳೆಂದು ಹಿಡಿದಿಟ್ಟು ಬ್ರಿಟಿಷರು ಮಿಷನ್‌ನ ಕಾರ್ಖಾನೆಗಳನ್ನು ವಶ ಮಾಡಿಕೊಂಡರು, ಆಮೇಲೆ ಅವು ಈ ಟ್ರಸ್ಟಿನ ಕೈಗೆ ಹೋದವು. ಯುರೋಪಿನ ಯುದ್ಧ ನಮ್ಮ ದನದ ಹಟ್ಟಿಯ ಮೇಲೆ! ಮೂರನೆಯದರಲ್ಲಿ ಹೆಸರೇನೂ ಇಲ್ಲ, ಮೂಲೆಯಲ್ಲಿ ನಾಲ್ಕು ಬೆರಳಿನ ಗುರುತು. ಹಸಿ ಇರುವಾಗ ಯಾರೋ ಎತ್ತಿದ್ದು.

ಈಗ ಅಜ್ಜಿಯ ಹತ್ತಿರ ಕೂತು, ಅವರ ಜೊತೆ ಕೆಲಸ ಮಾಡಿದವರ ಹೆಸರು ಬರೆದುಕೊಳ್ತಾ ಇದ್ದೇನೆ. ಹದಿನೇಳು ಆಯಿತು. ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿಗಳು, ಮಲಯಾಳದವರು ಎಲ್ಲ ಇದ್ದಾರೆ. ನಿಮ್ಮ ಮನೆಯಲ್ಲಿ ಹಂಚು, ನೇಯ್ಗೆ, ಬೀಡಿ, ಬಂದರು ಅಂತ ದುಡಿದವರು ಇದ್ದರೆ ಅವರನ್ನೇ ಕೇಳಿ. ಹೆಸರು ಹಾಕಬಹುದಾ ಅಂತಲೂ ಕೇಳಿ. ಅಜ್ಜಿ ತಮ್ಮದನ್ನು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಹಾಕಿಲ್ಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.