ಹೊಗೆ ಎಚ್ಚರಿಕೆ ಸಾಧನ
ಹೊಗೆ ಎಚ್ಚರಿಕೆ ಸಾಧನ ಅಥವಾ ಸ್ಮೋಕ್ ಅಲಾರಂ ಎಂಬುದು ಗಾಳಿಯಲ್ಲಿನ ಹೊಗೆಯನ್ನು ಗುರುತಿಸಿ ಕರ್ಕಶ ಸದ್ದಿನಿಂದ ಮನೆಯವರನ್ನು ಎಚ್ಚರಿಸುವ ಉಪಕರಣ. ಇದರಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ಅಯಾನೀಕರಣ ವಿಧವು ಧಗಧಗಿಸುವ ಬೆಂಕಿಗೆ ಬೇಗ ಸ್ಪಂದಿಸುತ್ತದೆ. ದ್ಯುತಿವಿದ್ಯುತ್ ವಿಧವು ಹೊಗೆಯ ಕಣಗಳು ಚದುರಿಸಿದ ಬೆಳಕನ್ನು ಗ್ರಹಿಸುವುದರಿಂದ, ಜ್ವಾಲೆಯಿಲ್ಲದೆ ಒಳಗೊಳಗೇ ಹೊಗೆಯಾಡುವ ಬೆಂಕಿಯನ್ನು ಮೊದಲೇ ಪತ್ತೆ ಮಾಡುತ್ತದೆ. ಹತ್ತಿ ಹೊತ್ತಿಕೊಳ್ಳುವುದು ಬಹುತೇಕ ಹೀಗೆಯೇ. ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಬಿಡಿಸಿದ ಹತ್ತಿಯನ್ನು ಮಾರಾಟವಾಗುವವರೆಗೆ ಮನೆಯೊಳಗೇ ರಾಶಿ ಹಾಕಿ, ಪಕ್ಕದಲ್ಲೇ ಮಲಗುವುದುಂಟು. ಅಂಥಲ್ಲಿಗೆ ಎರಡನೆಯ ವಿಧವೇ ಸೂಕ್ತ.

ಹೊಗೆ ಮೇಲಕ್ಕೇರುವುದರಿಂದ ಸಾಧನವನ್ನು ಮಲಗುವ ಕೋಣೆಗಳ ಛಾವಣಿಗೆ, ಫ್ಯಾನಿನ ಗಾಳಿಯಿಂದ ದೂರವಾಗಿ ಅಳವಡಿಸಬೇಕು. ಒಲೆಯಿಂದ 3 ಮೀಟರ್ ಅಂತರವಿರಲಿ. ಒಗ್ಗರಣೆಯ ಹೊಗೆಗೆಲ್ಲ ಕೂಗುವ ಸಾಧನದ ಬ್ಯಾಟರಿಯನ್ನು ಯಾರಾದರೂ ಕಿತ್ತಿಡುತ್ತಾರೆ. ಬೇಸಿಗೆಯ ಧೂಳನ್ನು ಆಗಾಗ ಒರೆಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಬೇಕು. 10 ವರ್ಷಗಳಾದ ಮೇಲೆ ಸಾಧನವನ್ನೇ ಬದಲಿಸಬೇಕು.