ಶಾಂಪೇನ್ ಮತ್ತು ಉತ್ತಮ ಕೆಂಪು ವೈನ್: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಉತ್ತಮ ವೈನ್ ಕೊಳ್ಳಲು ಹೊರಟವರನ್ನು ಮೊದಲು ದಾರಿ ತಪ್ಪಿಸುವುದು ಬೆಲೆ. ಒಂದೇ ಪ್ರದೇಶದ, ಒಂದೇ ಜಾತಿಯ ದ್ರಾಕ್ಷಿಯ ಎರಡು ಬಾಟಲಿಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರಬಹುದು. ಆ ಅಂತರದಲ್ಲಿ ಒಂದು ಪಾಲು ನಿಜವಾದ ಗುಣಕ್ಕೆ ಸಲ್ಲುತ್ತದೆ. ಉಳಿದದ್ದು ಹೆಸರಿಗೆ ಮತ್ತು ಅಭಾವಕ್ಕೆ. ಗುಣವನ್ನು ಅಳೆಯಲು ಬೇಕಾದ ಮಾಹಿತಿ ಬಹುಮಟ್ಟಿಗೆ ಬಾಟಲಿಯ ಮೇಲೆಯೇ ಅಚ್ಚಾಗಿರುತ್ತದೆ. ಯಾವ ಊರಿನದು, ಯಾವ ದ್ರಾಕ್ಷಿಯದು, ಯಾವ ವರ್ಷದ್ದು, ಯಾರು ಮಾಡಿದ್ದು ಎಂಬ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡು ಲೇಬಲ್ ಓದಬೇಕು. ಇಷ್ಟು ದಿನ ಎಲ್ಲಿ, ಹೇಗೆ ಇಟ್ಟಿದ್ದರು ಎಂಬ ಐದನೆಯ ಪ್ರಶ್ನೆಯನ್ನು ಮಾರುವವರಿಗೇ ಕೇಳಬೇಕು.

ಶಾಂಪೇನ್: ಒಂದು ಪ್ರದೇಶದ ಹೆಸರು

ಗುಳ್ಳೆಯೇಳುವ ವೈನೆಲ್ಲ ಶಾಂಪೇನ್ ಆಗುವುದಿಲ್ಲ. ಪ್ಯಾರಿಸ್ಸಿನ ಈಶಾನ್ಯಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ರೀಮ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತ ಹರಡಿರುವ ಶಾಂಪೇನ್ ಪ್ರದೇಶದಲ್ಲಿ ಬೆಳೆದು, ಅಲ್ಲಿಯ ನಿಯಮದಂತೆ ತಯಾರಾದದ್ದಕ್ಕೆ ಮಾತ್ರ ಆ ಹೆಸರು. ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟಗಳಿರುವ ಈ ಪ್ರದೇಶಕ್ಕೆ ಫ್ರಾನ್ಸಿನ ಕಾನೂನು 1936ರಲ್ಲಿ ಮೂಲಸ್ಥಾನದ ಮಾನ್ಯತೆ ನೀಡಿತು. ನಮ್ಮ ಮೈಸೂರು ರೇಷ್ಮೆ ಮತ್ತು ಕೊಡಗಿನ ಕಿತ್ತಳೆಗೆ ಇರುವ ಭೌಗೋಳಿಕ ಸೂಚಕದ ನೋಂದಣಿ ಭಾರತದಲ್ಲಿ ಶಾಂಪೇನ್ ಹೆಸರಿಗೂ ಇದೆ.

ಇಲ್ಲಿ ಮುಖ್ಯವಾಗಿ ಮೂರು ಬಗೆಯ ದ್ರಾಕ್ಷಿ ಬೆಳೆಯುತ್ತಾರೆ: ಬಿಳಿಯ ಶಾರ್ಡನೆ, ಕಪ್ಪು ಸಿಪ್ಪೆಯ ಪಿನೊ ನ್ವಾರ್ ಮತ್ತು ಮ್ಯುನಿಯೆ. ಕಪ್ಪು ದ್ರಾಕ್ಷಿಯನ್ನೂ ಮೆಲ್ಲಗೆ ಹಿಂಡಿ, ಸಿಪ್ಪೆಯ ಬಣ್ಣ ಇಳಿಯುವ ಮೊದಲೇ ರಸವನ್ನು ಬೇರ್ಪಡಿಸುವುದರಿಂದ ವೈನ್ ತಿಳಿಯಾಗಿಯೇ ಉಳಿಯುತ್ತದೆ. ಲೇಬಲ್ ಮೇಲೆ ‘ಬ್ಲಾಂ ದ ಬ್ಲಾಂ’ ಎಂದಿದ್ದರೆ ಬಿಳಿ ದ್ರಾಕ್ಷಿ ಮಾತ್ರ ಬಳಸಿದ್ದಾರೆ ಎಂದರ್ಥ. ನಿಂಬೆಯಂಥ ಚುರುಕು ಹುಳಿ ಅದರ ಲಕ್ಷಣ. ‘ಬ್ಲಾಂ ದ ನ್ವಾರ್’ ಎಂದರೆ ಕಪ್ಪು ದ್ರಾಕ್ಷಿಯಿಂದ ಬಂದದ್ದು. ಅದರಲ್ಲಿ ಹಣ್ಣಿನ ರುಚಿ ಹೆಚ್ಚು, ಮೈಯೂ ದಪ್ಪ.

ಗುಳ್ಳೆ ಹುಟ್ಟುವ ಬಗೆ

ಮೊದಲು ಸಾಧಾರಣ ಬಿಳಿ ವೈನ್ ತಯಾರಿಸುತ್ತಾರೆ. ಅದನ್ನು ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೆಯ ಸಲ ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಹೊರಹೋಗಲಾರದೆ ವೈನಿನಲ್ಲಿಯೇ ಕರಗುತ್ತದೆ. ಒಳಗಿನ ಒತ್ತಡ ಸುಮಾರು ಆರು ವಾಯುಭಾರಕ್ಕೆ ಏರುತ್ತದೆ. ದಪ್ಪ ಗಾಜು, ಬಿರಡೆಯ ಮೇಲಿನ ತಂತಿಯ ಕಟ್ಟು ಎರಡೂ ಈ ಒತ್ತಡಕ್ಕಾಗಿಯೇ.

ಕೆಲಸ ಮುಗಿಸಿದ ಯೀಸ್ಟ್ ತಳದಲ್ಲಿ ಕೂರುತ್ತದೆ. ಬಾಟಲಿಯನ್ನು ದಿನದಿನವೂ ತಿರುಗಿಸುತ್ತ, ತಲೆಕೆಳಗಾಗಿ ವಾಲಿಸುತ್ತ ಆ ಚರಟವನ್ನು ಕತ್ತಿಗೆ ಇಳಿಸಿ, ಬಿರಡೆ ತೆಗೆದು ಹೊರಹಾಕುತ್ತಾರೆ. ಹೀಗೆ ತಿರುಗಿಸುವ ವಿಧಾನವನ್ನು 19ನೆಯ ಶತಮಾನದ ಆರಂಭದಲ್ಲಿ ರೂಢಿಗೆ ತಂದ ಕೀರ್ತಿ ವ್ಯೂವ್ ಕ್ಲಿಕೊ ಸಂಸ್ಥೆಗೆ ಸಲ್ಲುತ್ತದೆ. ಶಾಂಪೇನನ್ನು ಕಂಡುಹಿಡಿದವರು ಸನ್ಯಾಸಿ ದೋಂ ಪೆರಿನ್ಯೊಂ ಎಂಬ ಕಥೆ ಮಾತ್ರ ನಿಜವಲ್ಲ. ಓವಿಲ್ಲೆರ್ ಮಠದ ಆ ಸನ್ಯಾಸಿಯ ಹೆಚ್ಚುಗಾರಿಕೆ ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಬೆರೆಸುವ ಕುಶಲತೆಯಲ್ಲಿತ್ತು. ಸಕ್ಕರೆ ಸೇರಿಸಿ ವೈನಿಗೆ ನೊರೆ ತರಿಸುವ ರೂಢಿಯನ್ನು ಇಂಗ್ಲೆಂಡಿನ ವೈದ್ಯ ಕ್ರಿಸ್ಟೊಫರ್ ಮೆರೆಟ್ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದರು.

ಕೊಳ್ಳುವವರು ಗಮನಿಸಬೇಕಾದದ್ದು ವೈನ್ ಯೀಸ್ಟಿನೊಡನೆ ಕಳೆದ ಕಾಲವನ್ನು. ಬ್ರೆಡ್ಡಿನ, ಬಾದಾಮಿಯ ಪರಿಮಳ ಬರುವುದು ಅದರಿಂದ. ವರ್ಷ ನಮೂದಿಸದ ಶಾಂಪೇನನ್ನು ಕನಿಷ್ಠ 15 ತಿಂಗಳು, ವರ್ಷ ನಮೂದಿಸಿದ್ದನ್ನು ಕನಿಷ್ಠ ಮೂರು ವರ್ಷ ನೆಲಮಾಳಿಗೆಯಲ್ಲಿ ಇಡಲೇಬೇಕು. ಶ್ರದ್ಧೆಯುಳ್ಳ ತಯಾರಕರು ಇದಕ್ಕಿಂತ ಹೆಚ್ಚು ಕಾಲ ಕಾಯುತ್ತಾರೆ. ಚರಟ ತೆಗೆದ ದಿನಾಂಕವನ್ನು ಹಿಂದಿನ ಲೇಬಲ್ಲಿನಲ್ಲಿ ಮುದ್ರಿಸುವ ತಯಾರಕರನ್ನು ನಂಬಬಹುದು. ಬಾಟಲಿ ಎಷ್ಟು ಹೊಸದು ಎಂದು ಅದರಿಂದ ತಿಳಿಯುತ್ತದೆ.

ಸಿಹಿಯ ಅಳತೆ ಮತ್ತು ಎರಡಕ್ಷರದ ಗುರುತು

ಚರಟ ತೆಗೆದ ಮೇಲೆ ಸೇರಿಸುವ ಸಕ್ಕರೆಯ ಪ್ರಮಾಣವನ್ನು ಲೇಬಲ್ ಹೇಳುತ್ತದೆ. ಲೀಟರಿಗೆ 3 ಗ್ರಾಮಿಗಿಂತ ಕಡಿಮೆ ಇದ್ದು, ಸಕ್ಕರೆ ಸೇರಿಸದೇ ಇದ್ದರೆ ‘ಬ್ರೂಟ್ ನೇಚರ್’. 6 ಗ್ರಾಂವರೆಗೆ ‘ಎಕ್ಸ್‌ಟ್ರಾ ಬ್ರೂಟ್’. 12 ಗ್ರಾಮಿಗಿಂತ ಕಡಿಮೆಯಾದರೆ ‘ಬ್ರೂಟ್’. ‘ಎಕ್ಸ್‌ಟ್ರಾ ಡ್ರೈ’ ಎಂಬ ಹೆಸರು ಹಲವರನ್ನು ಮೋಸಗೊಳಿಸುತ್ತದೆ. 12ರಿಂದ 17 ಗ್ರಾಂ ಸಕ್ಕರೆಯಿರುವ ಅದು ಬ್ರೂಟ್‌ಗಿಂತ ಸಿಹಿ. ‘ಡೆಮಿ ಸೆಕ್’ನಲ್ಲಿ 32ರಿಂದ 50 ಗ್ರಾಂ ಇರುತ್ತದೆ, ಊಟದ ಕೊನೆಯ ಸಿಹಿತಿನಿಸಿನ ಜೊತೆಗೆ ಹೊಂದುವುದು ಇದೇ.

ಲೇಬಲ್ಲಿನ ಅಂಚಿನಲ್ಲಿ ಸಣ್ಣದಾಗಿ ಎರಡು ಅಕ್ಷರಗಳಿರುತ್ತವೆ. ‘ಎನ್‌ಎಂ’ ಎಂದರೆ ರೈತರಿಂದ ದ್ರಾಕ್ಷಿ ಕೊಂಡು ತಯಾರಿಸುವ ಸಂಸ್ಥೆ. ಪ್ರಸಿದ್ಧ ಹೆಸರುಗಳೆಲ್ಲ ಹೆಚ್ಚಾಗಿ ಇವೇ. ‘ಆರ್‌ಎಂ’ ಎಂದರೆ ತನ್ನ ತೋಟದ ದ್ರಾಕ್ಷಿಯಿಂದ ತಾನೇ ತಯಾರಿಸುವ ರೈತ. ‘ಸಿಎಂ’ ಎಂದರೆ ಸಹಕಾರಿ ಸಂಘ. ‘ಎಂಎ’ ಎಂದರೆ ಬೇರೆಯವರು ತಯಾರಿಸಿದ್ದಕ್ಕೆ ಅಂಗಡಿಯೋ ಕಂಪನಿಯೋ ಅಂಟಿಸಿದ ಹೆಸರು. ದೊಡ್ಡ ಸಂಸ್ಥೆಗಳು ಜಾಹೀರಾತಿಗೆ ಸುರಿಯುವ ಹಣ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಅದೇ ಹಣಕ್ಕೆ ‘ಗ್ರಾಂ ಕ್ರೂ’ ಎಂಬ ಅತ್ಯುನ್ನತ ಪಟ್ಟ ಪಡೆದ 17 ಹಳ್ಳಿಗಳಲ್ಲಿ ಒಂದರ ರೈತ ತಯಾರಿಸಿದ ಒಳ್ಳೆಯ ಶಾಂಪೇನ್ ಸಿಗುವುದುಂಟು.

ಬೋರ್ಡೊ: 1855ರ ಪಟ್ಟಿ

ಕೆಂಪು ವೈನಿನ ಮಾತು ಬಂದರೆ ಮೊದಲ ಹೆಸರು ಫ್ರಾನ್ಸಿನ ನೈಋತ್ಯದ ಬೋರ್ಡೊ. ಅಲ್ಲಿ ಜಿರೋಂದ್ ನದೀಮುಖದ ಎಡದಂಡೆಯ ಮೆಡಾಕ್ ಭಾಗದಲ್ಲಿ ಕಲ್ಲುಹರಳಿನ ನೆಲ. ಕ್ಯಾಬರ್ನೆ ಸೊವಿನ್ಯೊಂ ಅಲ್ಲಿಯ ಪ್ರಧಾನ ದ್ರಾಕ್ಷಿ. ಬಲದಂಡೆಯ ಸೇಂತ್ ಎಮಿಲಿಯೊಂ, ಪೊಮೆರೊಲ್ ಕಡೆಯಲ್ಲಿ ಮೆರ್ಲೊ ಹೆಚ್ಚು. ಕ್ಯಾಬರ್ನೆ ಎಳೆಯದಿದ್ದಾಗ ಒಗರಾಗಿರುತ್ತದೆ, ಮಾಗಲು ವರ್ಷಗಳು ಬೇಕು. ಮೆರ್ಲೊ ಮೃದು, ಬೇಗ ಹದಕ್ಕೆ ಬರುತ್ತದೆ.

ಮೂರನೆಯ ನೆಪೋಲಿಯನ್ನನ ಅಪೇಕ್ಷೆಯಂತೆ 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೊದ ದಲ್ಲಾಳಿಗಳು ಅಂದಿನ ಮಾರುಕಟ್ಟೆ ಬೆಲೆಯ ಆಧಾರದಲ್ಲಿ ತಯಾರಕರನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಲಫೀತ್, ಲತೂರ್, ಮಾರ್ಗೊ, ಓ ಬ್ರಿಯೊಂ ಮೊದಲ ದರ್ಜೆಗೆ ಸೇರಿದವು. 1973ರಲ್ಲಿ ಮೂತೋಂ ರಾಥ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದನ್ನು ಬಿಟ್ಟರೆ ಮೇಲಿನ ಸಾಲು ಇಂದಿಗೂ ಹಾಗೆಯೇ ಇದೆ. ಪಟ್ಟ ಸಿಕ್ಕಿರುವುದು ಎಸ್ಟೇಟಿನ ಹೆಸರಿಗೆ. ನಡುವೆ ಒಡೆಯರು ಬದಲಾಗಿದ್ದಾರೆ, ತೋಟಗಳ ಗಡಿ ಬದಲಾಗಿದೆ. ಹಾಗಾಗಿ ದರ್ಜೆಯನ್ನು ಕಣ್ಣುಮುಚ್ಚಿ ನಂಬಬಾರದು. ಐದನೆಯ ದರ್ಜೆಯ ಲಿಂಚ್ ಬಾಜ್, ಪೊಂತೆ ಕಾನೆ ಇಂದು ಎಷ್ಟೋ ಮೇಲ್ದರ್ಜೆಯವಕ್ಕೆ ಸರಿಸಮವೆನಿಸಿವೆ. ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಒಂದಾದ ಪೊಮೆರೊಲ್‌ನ ಪೆತ್ರೂಸ್‌ಗೆ ಯಾವ ಅಧಿಕೃತ ದರ್ಜೆಯೂ ಇಲ್ಲ.

ಬರ್ಗಂಡಿ: ನೆಲಕ್ಕೆ ಪಟ್ಟ

ಬರ್ಗಂಡಿಯಲ್ಲಿ ದರ್ಜೆ ಸಿಕ್ಕಿರುವುದು ಹೊಲಕ್ಕೆ. ತಳದಲ್ಲಿ ಪ್ರದೇಶದ ಹೆಸರಿನ ವೈನ್, ಅದರ ಮೇಲೆ ಹಳ್ಳಿಯ ಹೆಸರಿನದು, ಅದರ ಮೇಲೆ ಪ್ರೆಮಿಯೆ ಕ್ರೂ, ತುದಿಯಲ್ಲಿ ಗ್ರಾಂ ಕ್ರೂ. ಕೆಂಪು ವೈನ್ ಬಹುಪಾಲು ಪಿನೊ ನ್ವಾರ್ ಒಂದರಿಂದಲೇ. ಆದರೆ ತಲೆಮಾರುಗಳ ಆಸ್ತಿಪಾಲಿನಿಂದಾಗಿ ಒಂದೊಂದು ಹೊಲಕ್ಕೂ ಹತ್ತಾರು ಒಡೆಯರು. ಸುಮಾರು 50 ಹೆಕ್ಟೇರಿನ ಕ್ಲೊ ದ ವೂಜೊ ಎಂಬ ಗ್ರಾಂ ಕ್ರೂ ಹೊಲ ಸುಮಾರು 80 ಮಂದಿಯ ನಡುವೆ ಹಂಚಿಹೋಗಿದೆ. ಒಬ್ಬರ ಬಾಟಲಿ ಅಮೋಘ, ಇನ್ನೊಬ್ಬರದು ಸಾಧಾರಣ. ಲೇಬಲ್ ಮೇಲಿನ ಹೊಲದ ಹೆಸರು ಮಾತ್ರ ಒಂದೇ. ಆದ್ದರಿಂದ ಬರ್ಗಂಡಿಯಲ್ಲಿ ತಯಾರಕರ ಹೆಸರನ್ನೇ ಮೊದಲು ನೋಡಬೇಕು. ಅಲಕ್ಷ್ಯದಿಂದ ಮಾಡಿದ ಗ್ರಾಂ ಕ್ರೂಗಿಂತ ಒಳ್ಳೆಯ ಕೈಯಿಂದ ಬಂದ ಹಳ್ಳಿಮಟ್ಟದ ವೈನ್ ಎಷ್ಟೋ ಮೇಲು.

ಇಟಲಿ, ಸ್ಪೇನ್, ಕ್ಯಾಲಿಫೋರ್ನಿಯ

ಇಟಲಿಯ ಪಿಯೆಮೊಂತೆಯ ಬರೋಲೊ ನೆಬ್ಬಿಯೊಲೊ ದ್ರಾಕ್ಷಿಯದು. ಅದನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟ ಮೇಲೆಯೇ ಮಾರಬಹುದು. ತಸ್ಕನಿಯ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿಯಲ್ಲಿ ಮಾರುಕಟ್ಟೆಗೆ ಬರುತ್ತದೆ. ಸ್ಪೇನಿನ ರಿಯೊಹಾದಲ್ಲಿ ‘ರೆಸೆರ್ವಾ’ ಎಂದರೆ ಕನಿಷ್ಠ ಮೂರು ವರ್ಷ, ‘ಗ್ರಾನ್ ರೆಸೆರ್ವಾ’ ಎಂದರೆ ಕನಿಷ್ಠ ಐದು ವರ್ಷ ಮಾಗಿದ್ದು. ಕಾಯುವ ಕೆಲಸವನ್ನು ತಯಾರಕರೇ ಮುಗಿಸಿರುವುದರಿಂದ, ಮನೆಯಲ್ಲಿ ನೆಲಮಾಳಿಗೆ ಇಲ್ಲದವರಿಗೆ ರಿಯೊಹಾ ತುಂಬ ಅನುಕೂಲ.

ಕ್ಯಾಲಿಫೋರ್ನಿಯದ ನಾಪಾ ಕಣಿವೆಗೆ ಹೆಸರು ತಂದದ್ದು 1976ರ ಪ್ಯಾರಿಸ್ ರುಚಿಪರೀಕ್ಷೆ. ಹೆಸರು ಮರೆಮಾಡಿ ಸುರಿದ ಲೋಟಗಳನ್ನು ಫ್ರೆಂಚ್ ತೀರ್ಪುಗಾರರು ಪರೀಕ್ಷಿಸಿದಾಗ, ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಮೂತೋಂ ಮತ್ತು ಓ ಬ್ರಿಯೊಂಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ಹೆಸರು ಕಾಣದಿದ್ದಾಗ ನಾಲಿಗೆಯ ತೀರ್ಪು ಬೇರೆಯಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ವರ್ಷದ ಲೆಕ್ಕ

ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಹೂ ಬಿಡುವಾಗ ಮಳೆ, ಕೊಯ್ಲಿಗೆ ಮುನ್ನ ಆಲಿಕಲ್ಲು ಬಿದ್ದರೆ ಬೆಳೆ ಕೆಡುತ್ತದೆ. ಬೋರ್ಡೊದಲ್ಲಿ 2005, 2009, 2010, 2016 ಶ್ರೇಷ್ಠ ವರ್ಷಗಳು. ಶಾಂಪೇನಿನಲ್ಲಿ 2002, 2008, 2012. ಇಂಥ ವರ್ಷಗಳಲ್ಲಿ ಸಣ್ಣ ಎಸ್ಟೇಟುಗಳ ವೈನೂ ಚೆನ್ನಾಗಿರುತ್ತದೆ. ಹಣ ಉಳಿಸಬೇಕೆನ್ನುವವರು ಅವನ್ನು ಹುಡುಕಬಹುದು. ಸಾಧಾರಣ ವರ್ಷವಾದರೆ ನುರಿತ ತಯಾರಕರನ್ನೇ ಆರಿಸಿಕೊಳ್ಳಬೇಕು. ಅಂಥ ವರ್ಷದ ವೈನುಗಳು ಬೇಗ ಕುಡಿಯಲೂ ಸಿದ್ಧವಾಗಿರುತ್ತವೆ.

ಇಟ್ಟ ರೀತಿ ಮತ್ತು ನಕಲಿ ಬಾಟಲಿ

ವೈನಿಗೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ತಂಪು, ಕತ್ತಲು, ತುಸು ತೇವ, ಅಲುಗಾಟವಿಲ್ಲದ ಜಾಗ ಬೇಕು. ಬಿರಡೆ ಒಣಗದಂತೆ ಬಾಟಲಿಯನ್ನು ಮಲಗಿಸಿಡಬೇಕು. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಅಂಚಿನಲ್ಲಿ ಸೋರಿದ ಕಲೆಯಿದ್ದರೆ, ವೈನಿನ ಮಟ್ಟ ಕತ್ತಿನಿಂದ ಭುಜಕ್ಕೆ ಇಳಿದಿದ್ದರೆ ಅದು ಬಿಸಿ ತಾಗಿದ ಅಥವಾ ಗಾಳಿ ನುಗ್ಗಿದ ಬಾಟಲಿಯಾಗಿರಬಹುದು. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತದ್ದನ್ನು ಎಷ್ಟು ಅಗ್ಗವಾದರೂ ಬಿಡುವುದು ಲೇಸು.

ಹಳೆಯ, ಅಪರೂಪದ ಬಾಟಲಿಗಳಲ್ಲಿ ನಕಲಿಯ ಭಯವೂ ಇದೆ. 2008ರಲ್ಲಿ ನ್ಯೂಯಾರ್ಕಿನ ಹರಾಜೊಂದಕ್ಕೆ ಬರ್ಗಂಡಿಯ ದೊಮೇನ್ ಪೊಂಸೊ ಸಂಸ್ಥೆಯ ಹೆಸರಿನ, ದಶಕಗಳಷ್ಟು ಹಳೆಯವೆಂದು ಹೇಳಲಾದ ಕ್ಲೊ ಸೇಂ ದನಿ ಬಾಟಲಿಗಳು ಬಂದಿದ್ದವು. ಆ ಸಂಸ್ಥೆ ಆ ವೈನ್ ಮಾಡಲು ತೊಡಗಿದ್ದೇ 1980ರ ದಶಕದಲ್ಲಿ. ಅವನ್ನು ಹರಾಜಿನಿಂದ ಹಿಂತೆಗೆಯಲಾಯಿತು. ಅವುಗಳನ್ನು ಮಾರಲು ತಂದಿದ್ದ ರೂಡಿ ಕುರ್ನಿಯಾವಾನ್‌ಗೆ ಅಮೆರಿಕದ ನ್ಯಾಯಾಲಯ 2014ರಲ್ಲಿ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ದುಬಾರಿ ಬಾಟಲಿಗೆ ಖರೀದಿಯ ರಸೀದಿ, ಹಿಂದಿನ ಒಡೆಯರ ವಿವರ ಕೇಳುವುದು ಕೊಳ್ಳುವವರ ಹಕ್ಕು.

ಭಾರತದಲ್ಲಿ ಕೊಳ್ಳುವವರಿಗೆ

ಆಮದು ವೈನಿನ ಮೇಲೆ ಭಾರತ ಬಹುಕಾಲದಿಂದ ಭಾರೀ ಕಸ್ಟಮ್ಸ್ ಸುಂಕ ಹಾಕುತ್ತ ಬಂದಿದೆ. ಅದರ ಮೇಲೆ ರಾಜ್ಯಗಳ ಅಬಕಾರಿ ತೆರಿಗೆ. ಹಾಗಾಗಿ ಇಲ್ಲಿನ ಬೆಲೆಯನ್ನು ನೋಡಿ ಗುಣ ಅಳೆಯಲಾಗದು. ವಿದೇಶದಿಂದ ಬರುವ ಪ್ರಯಾಣಿಕರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಬಾಟಲಿಯಲ್ಲೇ ಹುದುಗಿಸುವ ಸ್ಪೇನಿನ ಕಾವಾ, ಫ್ರಾನ್ಸಿನ ಕ್ರೆಮಾಂ ಶಾಂಪೇನಿಗಿಂತ ಬಹಳ ಕಡಿಮೆ ಬೆಲೆಯವು. ಮನೆಯ ಹತ್ತಿರದ್ದೇ ಬೇಕೆಂದರೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ‘ಲಾ ರಿಸರ್ವ್’ ಇದೆ. ಬೋರ್ಡೊದ ಖ್ಯಾತ ವೈನ್ ತಜ್ಞ ಮಿಶೆಲ್ ರೊಲಾಂ ಆ ಸಂಸ್ಥೆಗೆ ಸಲಹೆಗಾರರಾಗಿದ್ದವರು. ನಮ್ಮ ಬೇಸಿಗೆಯಲ್ಲಿ ಅಡುಗೆಮನೆಯ ಕಪಾಟು ವೈನಿಗೆ ತಕ್ಕ ಜಾಗವಲ್ಲ. ಕೊಂಡದ್ದನ್ನು ಕೆಲವೇ ವಾರಗಳಲ್ಲಿ ಮುಗಿಸುವುದಾದರೆ ಮಾತ್ರ ಹೊರಗೆ ಇಡಬೇಕು.

ಮೊದಲ ಸಲ ಕೊಳ್ಳುವವರು ಕೀರ್ತಿವಂತ ಹೆಸರಿನ ಹಿಂದೆ ಹೋಗದೆ, ಆರ್‌ಎಂ ಗುರುತಿನ ಒಂದು ಬ್ರೂಟ್ ಶಾಂಪೇನ್ ಮತ್ತು ಒಂದು ರಿಯೊಹಾ ರೆಸೆರ್ವಾದಿಂದ ಆರಂಭಿಸಲಿ. ಶಾಂಪೇನನ್ನು 8ರಿಂದ 10 ಡಿಗ್ರಿಗೆ, ಕೆಂಪು ವೈನನ್ನು 16ರಿಂದ 18 ಡಿಗ್ರಿಗೆ ತಂಪಾಗಿಸಿ, ಊಟದ ಜೊತೆಗೆ, ಮಿತವಾಗಿ ಸವಿಯಲಿ. ತಮಗೆ ಹಿಡಿಸಿದ ಊರು, ದ್ರಾಕ್ಷಿ, ತಯಾರಕರ ಹೆಸರನ್ನು ಬರೆದಿಟ್ಟುಕೊಂಡರೆ ಮುಂದಿನ ಖರೀದಿಗೆ ಅದೇ ಒಳ್ಳೆಯ ಮಾರ್ಗದರ್ಶಿ.