ಬೇಸ್‌ಬಾಲ್ ಕೈಗವಸು

ಬೇಸ್‌ಬಾಲ್ ಆಟದಲ್ಲಿ ಕ್ಷೇತ್ರರಕ್ಷಕರು ಚೆಂಡು ಹಿಡಿಯಲು ತೊಡುವ ಚರ್ಮದ ಗವಸು. ಕ್ರಿಕೆಟ್‌ನ ಕ್ಷೇತ್ರರಕ್ಷಕರಲ್ಲಿ ವಿಕೆಟ್ ಕೀಪರ್ ಒಬ್ಬನಿಗೆ ಮಾತ್ರ ಗವಸಿನ ಅನುಮತಿಯಿದೆ. ಬೇಸ್‌ಬಾಲ್‌ನಲ್ಲಿ ಒಂಬತ್ತು ಮಂದಿಯೂ ಎಸೆಯದ ಕೈಗೆ ಅದನ್ನು ಧರಿಸುತ್ತಾರೆ. ಅಂಗೈಯ ರಕ್ಷಣೆಗೆಂದು ಹುಟ್ಟಿದ ಗವಸು ಚೆಂಡು ಹಿಡಿಯುವ ಸಾಧನವಾಗಿ ಬದಲಾದದ್ದು 20ನೇ ಶತಮಾನದಲ್ಲಿ.

ಮೊದಲು ತೊಟ್ಟವರು ಯಾರು?

ಹಲವು ಗ್ರಂಥಗಳು 1875ರಲ್ಲಿ ಆಡಿದ ಚಾರ್ಲ್ಸ್ ವೇಟ್‌ಗೆ ಈ ಹಿರಿಮೆ ಕೊಡುತ್ತವೆ. ಇದರ ಮೂಲ ಆಟಗಾರ ಹಾಗೂ ಕ್ರೀಡಾಸಾಮಗ್ರಿ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ 1911ರ ಪುಸ್ತಕದಲ್ಲಿ ಬರೆದ ನೆನಪು. ಮೈಬಣ್ಣದ ಗವಸು ತೊಟ್ಟ ವೇಟ್ ಅದಕ್ಕಾಗಿ ನಾಚಿಕೊಂಡಿದ್ದನೆಂದು ಅವರು ಹೇಳುತ್ತಾರೆ. ಆದರೆ ಸ್ಪಾಲ್ಡಿಂಗ್ ಬರೆದದ್ದು ತಾವು ಕಂಡ ಮೊದಲ ಗವಸಿನ ಬಗ್ಗೆ. ಅದನ್ನೇ ಆಟದ ಮೊದಲ ಗವಸು ಎಂದವರು ನಂತರದವರು. 1870ರ ಜೂನ್‌ನಲ್ಲೇ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವವ) ಡಗ್ ಆಲಿಸನ್ ಜಿಂಕೆ ಚರ್ಮದ ಗವಸು ತೊಟ್ಟು ಆಡಿದನೆಂದು ಅಲ್ಲಿನ ಪತ್ರಿಕೆ ವರದಿ ಮಾಡಿತ್ತು. ಆ ಕಾಲದ ವರದಿಯಾದ್ದರಿಂದ ಮೂರೂವರೆ ದಶಕದ ನಂತರದ ನೆನಪಿಗಿಂತ ಇದಕ್ಕೆ ತೂಕ ಹೆಚ್ಚು.

ಸ್ಪಾಲ್ಡಿಂಗ್ 1877ರಲ್ಲಿ ತಾವೇ ಕಪ್ಪು ಗವಸು ತೊಟ್ಟ ಮೇಲೆ ಸಂಕೋಚ ಕಡಿಮೆಯಾಯಿತು. ತನ್ನ ಮುರಿದ ಬೆರಳುಗಳಿಗಾಗಿ ಆಟಗಾರ ಆರ್ಥರ್ ಇರ್ವಿನ್ ಮೆತ್ತೆ ತುಂಬಿದ ಗವಸು ಬಳಸಿದ್ದನ್ನು ಕೆಲವರು 1883ಕ್ಕೂ ಕೆಲವರು 1885ಕ್ಕೂ ಸೇರಿಸುತ್ತಾರೆ. ಕ್ಯಾಚರ್‌ಗಳ ದಪ್ಪ ಗವಸಿನ ವಿಷಯದಲ್ಲೂ ಹೀಗೆಯೇ: 1888ರಲ್ಲಿ ಅದನ್ನು ತಯಾರಿಸಿದ್ದಾಗಿ ಜೋ ಗನ್ಸನ್ ಹೇಳಿಕೊಂಡರೆ, 1889ರ ಪೇಟೆಂಟ್ ಹ್ಯಾರಿ ಡೆಕ್ಕರ್ ಹೆಸರಿನಲ್ಲಿದೆ. 1895ರ ನಿಯಮ ಕ್ಯಾಚರ್ ಮತ್ತು ಫಸ್ಟ್ ಬೇಸ್‌ಮನ್ ಬಿಟ್ಟು ಉಳಿದವರ ಗವಸನ್ನು 10 ಔನ್ಸ್ ತೂಕ, 14 ಅಂಗುಲ ಸುತ್ತಳತೆಗೆ ಮಿತಿಗೊಳಿಸಿತು. ಬರಿಗೈಯಲ್ಲೇ ಆಡುತ್ತಿದ್ದ ಸಿನ್ಸಿನಾಟಿಯ ಬಿಡ್ ಮೆಕ್‌ಫೀ 1896ರಲ್ಲಿ ಗವಸು ತೊಟ್ಟ.

ಡೋಕ್ ಮಾದರಿ

ನಿಜವಾದ ತಿರುವು 1920ರ ಸುಮಾರಿಗೆ ಬಂತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ (ಚೆಂಡೆಸೆಯುವವ) ಬಿಲ್ ಡೋಕ್ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮದ ದಾರಗಳ ಜಾಲ ಹೆಣೆಯುವ ವಿನ್ಯಾಸವನ್ನು ರಾಲಿಂಗ್ಸ್ ಕಂಪನಿಗೆ ಕೊಟ್ಟ. ಚೆಂಡು ಅಂಗೈಗೆ ಬಡಿಯುವ ಬದಲು ಆ ಜಾಲದ ಕುಳಿಯಲ್ಲಿ ಸಿಕ್ಕಿಕೊಳ್ಳತೊಡಗಿತು. ಈ ಮಾದರಿ 1953ರವರೆಗೆ ಮಾರಾಟದಲ್ಲಿತ್ತು. ಇನಿಂಗ್ಸ್ ಮುಗಿದಾಗ ಗವಸನ್ನು ಮೈದಾನದಲ್ಲೇ ಎಸೆದುಹೋಗುವ ರೂಢಿಯನ್ನು 1954ರ ನಿಯಮ ನಿಲ್ಲಿಸಿತು. ವಿಲ್ಸನ್ ಕಂಪನಿಯ 1957ರ ಎ2000 ಮಾದರಿ, ದೊಡ್ಡ ಜಾಲ ಮತ್ತು ಸುಲಭವಾಗಿ ಮಡಚುವ ಬುಡದೊಂದಿಗೆ ಇಂದಿನ ರೂಪವನ್ನು ಗಟ್ಟಿಗೊಳಿಸಿತು. ಮುಂದೆ ತಯಾರಿಕೆಯ ಬಹುಪಾಲು ಅಮೆರಿಕದಿಂದ ಏಷ್ಯಾಕ್ಕೆ ಸರಿಯಿತು. ಟೆಕ್ಸಾಸ್‌ನ ನೊಕೊನಾ ಅಮೆರಿಕದಲ್ಲೇ ಉಳಿದ ಕೆಲವು ಕಂಪನಿಗಳಲ್ಲೊಂದು.

ಆಯ್ಕೆ ಮತ್ತು ನಿರ್ವಹಣೆ

ಹಿಂದೆ ಕುದುರೆ ಚರ್ಮವೂ ಬಳಕೆಯಲ್ಲಿತ್ತು. ಈಗ ದನದ ಚರ್ಮವೇ ಮುಖ್ಯ. ಎತ್ತಿನ ಚರ್ಮ ದಪ್ಪ ಮತ್ತು ಬಾಳಿಕೆಯದು. ಎಳೆಯ ದನಗಳ ಕಿಪ್ ಚರ್ಮ ಹಗುರ, ನಯ. ಅಳತೆ ಆಡುವ ಸ್ಥಾನವನ್ನು ಅವಲಂಬಿಸಿದೆ: ಚೆಂಡನ್ನು ಬೇಗ ತೆಗೆದೆಸೆಯಬೇಕಾದ ಸೆಕೆಂಡ್ ಬೇಸ್‌ಮನ್‌ಗೆ ಸುಮಾರು 11.5 ಅಂಗುಲದ, ಆಳವಿಲ್ಲದ ಗವಸು. ದೂರದ ಕ್ಯಾಚ್ ಹಿಡಿಯುವ ಔಟ್‌ಫೀಲ್ಡರ್‌ಗೆ 12.5 ಅಂಗುಲದ ಆಸುಪಾಸಿನದು.

ಹೊಸ ಗವಸು ಗಡುಸಾಗಿರುತ್ತದೆ. ಅದನ್ನು ಪಳಗಿಸಲು ಎಣ್ಣೆ, ಶೇವಿಂಗ್ ಕ್ರೀಮ್, ಮೈಕ್ರೋವೇವ್‌ವರೆಗೆ ಆಟಗಾರರು ಹಲವು ಉಪಾಯ ಹೂಡಿದ್ದಾರೆ. ಅತಿಯಾದ ಎಣ್ಣೆ ಗವಸನ್ನು ಭಾರ ಮಾಡಿ ಚರ್ಮವನ್ನು ಸಡಿಲಿಸುತ್ತದೆ; ಬಿಸಿ ಅದನ್ನು ಒಣಗಿಸಿ ಬಿರಿಸುತ್ತದೆ. ಚೆಂಡು ಹಿಡಿಯುತ್ತಾ ರೂಢಿಸಿಕೊಳ್ಳುವುದು, ಬಳಸದಾಗ ಕುಳಿಯಲ್ಲಿ ಚೆಂಡಿಟ್ಟು ಕಟ್ಟುವುದು, ನೆನೆದರೆ ನೆರಳಲ್ಲಿ ಒಣಗಿಸಿ ತೆಳುವಾಗಿ ಕಂಡಿಷನರ್ ಸವರುವುದು ಸುರಕ್ಷಿತ ಕ್ರಮ. ಮೊದಲು ಸವೆಯುವುದು ಸಾಮಾನ್ಯವಾಗಿ ಚರ್ಮದ ದಾರ. ಅದನ್ನು ಬದಲಿಸಿದರೆ ಒಳ್ಳೆಯ ಗವಸು ಹಲವು ವರ್ಷ ಬಾಳುತ್ತದೆ.